ನೂರಕ್ಕೆ ಒಂದು

ನರ್ಸಿಂಗ್ ಹೋಮಿನ ಬಿಲ್ ಕಿಟಕಿಯ ಹಿಂದೆ ಹನ್ನೊಂದು ವರ್ಷ.
ಊರಿನ ಜ್ವರಕ್ಕೆ, ಹೆರಿಗೆಗೆ, ಮುರಿದ ಮೂಳೆಗೆ
ರಸೀದಿ ಹರಿದುಕೊಟ್ಟ ಕೈ ಇದು.
ಒಂದು ಪೈಸೆ ಹೆಚ್ಚುಕಮ್ಮಿಯಾದರೂ
ರಾತ್ರಿ ನಿದ್ದೆ ಬರುವುದಿಲ್ಲ.

ಅಂಥವಳಿಗೆ ಬ್ಯಾಂಕಿನ ಹುಡುಗ ಹೇಳಿದ:
'ಕರೆಂಟು, ಗ್ಯಾಸು, ಫೋನು, ಇಂಟರ್ನೆಟ್ಟು,
ಹೇಗೂ ಕಟ್ತೀರಲ್ಲ ಮೇಡಂ, ಕಾರ್ಡಿನಲ್ಲಿ ಕಟ್ಟಿ.
ನೂರಕ್ಕೆ ಒಂದು ರೂಪಾಯಿ ವಾಪಸ್.'
ತಮ್ಮನಿಗೆ ಕೈಗಡ ಕೊಟ್ಟವಳು ನಾನು;
ಕೊಟ್ಟದ್ದು ವಾಪಸ್ ಬರುವ ಮಾತು
ಕಿವಿಗೆ ಬಿದ್ದದ್ದು ಅದೇ ಮೊದಲು.

ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಕೂಡಿಸಿದೆ:
ಎಂಟುನೂರ ನಲವತ್ತು, ಒಂಬೈನೂರ ಹತ್ತು,
ಇನ್ನೂರ ತೊಂಬತ್ತೊಂಬತ್ತು, ಐನೂರ ತೊಂಬತ್ತೊಂಬತ್ತು.
ತಿಂಗಳಿಗೆ ಇಪ್ಪತ್ತಾರೂವರೆ ಲಾಭ,
ವರ್ಷಕ್ಕೆ ಮುನ್ನೂರ ಹದಿನೆಂಟು.
ಕಾರ್ಡಿನ ಶುಲ್ಕ, ತೆರಿಗೆ ಸೇರಿ, ಐನೂರ ಎಂಬತ್ತೊಂಬತ್ತು.
ಹಾಲೇಶ ಹಲ್ಲುಜ್ಜುತ್ತಾ
ನೊರೆಬಾಯಲ್ಲೇ ನಕ್ಕ.

ವರ್ಷಕ್ಕೆ ಲಕ್ಷ ದಾಟಿಸಿದರೆ ಶುಲ್ಕ ಮಾಫಿಯಂತೆ.
ಲಕ್ಷ ಎಲ್ಲಿಂದ ತರಲಿ?
ಸೀಗೆಹಟ್ಟಿಯ ನಮ್ಮ ವಠಾರಕ್ಕೆ ಆರು ಬಾಗಿಲು.

'ನಿಮ್ಮ ಬಿಲ್ಲೂ ನಾನೇ ಕಟ್ತೀನಿ, ನಗದು ನನ್ನ ಕೈಗೆ ಕೊಡಿ' ಅಂದೆ.
ಸಾಬಿರಾ ಡಬ್ಬಿಯೊಳಗಿಂದ ತೆಗೆದಳು, ನೋಟಿಗೆ ಧನಿಯಾ ವಾಸನೆ.
ಫಿಲೋಮಿನಾ ಬಾಯಿ ಎರಡು ಸಲ ಎಣಿಸಿ ಕೊಟ್ಟರು.
ಟೈಲರ್ ತುಕಾರಾಮ ರಾವ್ 'ಶುಕ್ರವಾರ' ಅಂದರು,
ಯಾವ ಶುಕ್ರವಾರ ಅನ್ನಲಿಲ್ಲ.

ಆ ತಿಂಗಳು ಬಂದದ್ದು ನೂರ ಐವತ್ತೆಂಟು.
ನನ್ನ ಪಾಲಿನದು ಇಪ್ಪತ್ತಾರೂವರೆ; ಮಿಕ್ಕದ್ದು ಯಾರದು?
ಹನಿಗೂಡಿ ಹಳ್ಳ, ಸರಿ;
ಹಳ್ಳದ ನೀರು ಯಾರ ಗದ್ದೆಗೆ?
'ಬೆರಳು ಒತ್ತಿದ್ದು ನೀವಲ್ವಾ ಅಕ್ಕಾ, ಇಟ್ಕೊಳ್ಳಿ' ಅಂದಳು ಸಾಬಿರಾ.
ಇಟ್ಟುಕೊಂಡೆ. ನಿದ್ದೆಯೂ ಬಂತು.
ಅದೇ ಆಶ್ಚರ್ಯ.

ನಾಲ್ಕನೇ ತಿಂಗಳು ರಾಯರ ಮಿಷನ್ನಿನ ಮೋಟಾರು ಸುಟ್ಟಿತು.
ಅವರ ಶುಕ್ರವಾರ ಬರಲಿಲ್ಲ,
ನನ್ನ ಗಡುವು ಬಂತು, ಹೋಯಿತು.
ಎರಡು ದಿನ ತಡಕ್ಕೆ ದಂಡ ಐನೂರು,
ಮೇಲೆ ಬಡ್ಡಿ, ಬಡ್ಡಿಯ ಮೇಲೆ ತೆರಿಗೆ.
ಮೂರು ತಿಂಗಳು ಬಂದದ್ದೆಲ್ಲ ಒಂದು ಗೀಟಿಗೆ ಹೋಯಿತು.
ರಾಯರಿಗೆ ಹೇಳಲಿಲ್ಲ.
ಹೇಳಿದ್ದರೆ ಆ ಮನುಷ್ಯ ಊಟ ಬಿಡುತ್ತಿದ್ದರು.

ಕೊನೆಯ ಬಾಗಿಲಿನ ಮಾತು ಇನ್ನೂ ಆಡಿಲ್ಲ.
ಹುಚ್ಚರಾಯಪ್ಪ, ಬಸ್ ಕಂಡಕ್ಟರಾಗಿದ್ದವರು.
ನಾನು ಕಾರ್ಡು ತರುವ ತನಕ
ವಠಾರದ ಲೈಟ್ ಬಿಲ್ಲೆಲ್ಲ ಒಯ್ಯುತ್ತಿದ್ದದ್ದು ಅವರೇ:
ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿದ ನೋಟು,
ಸೈಕಲ್ ಏರಿದರೆ ಮೆಸ್ಕಾಂ ಕೌಂಟರು.
ವಾಪಸ್ ಬಂದು ರಸೀದಿ ಹಂಚುವಾಗ
ಮನೆಗೊಂದು ಲೋಟ ಕಾಫಿ, ಸಾಬಿರಾಳಲ್ಲಿ ಚಹಾ,
ಜೊತೆಗೆ ಕ್ಯೂನಲ್ಲಿ ಹೆಕ್ಕಿ ತಂದ ಸುದ್ದಿ:
ಯಾರ ಮಗಳಿಗೆ ನಿಶ್ಚಯವಾಯಿತು,
ತುಂಗೆಯಲ್ಲಿ ಕೋರ್ಪಲಯ್ಯನ ಮಂಟಪ ಎಷ್ಟು ಮುಳುಗಿತು.

ಈಗ ಹನ್ನೊಂದು ಗಂಟೆಗೆ ಶರ್ಟು ತೊಟ್ಟು
ಕಟ್ಟೆಯ ಮೇಲೆ ಕೂರುತ್ತಾರೆ,
ಎಲ್ಲಿಗೂ ಹೋಗುವುದಿಲ್ಲ.
ತಮ್ಮ ಬಿಲ್ಲಿನ ದುಡ್ಡು ಚಿಲ್ಲರೆ ಸಮೇತ ಕೊಡುತ್ತಾರೆ.
ಒಂದು ದಿನ ಕೇಳಿದರು:
'ಅದ್ರಾಗೆ ರಸೀದಿ ಬರ್ತದೇನವ್ವಾ?'
'ಬರ್ತದೆ, ಮೊಬೈಲಿನಲ್ಲಿ.'
'ಹಂಗಾರೆ ಹರಿಯಕ್ಕಾಗಲ್ಲ' ಅಂದರು.

ಈ ತಿಂಗಳು ನಮ್ಮನೆಯ ಲೈಟ್ ಬಿಲ್ಲು ಅವರ ಕೈಗಿಟ್ಟೆ,
'ಕಾರ್ಡು ಕೆಟ್ಟಿದೆ' ಅಂತ ಸುಳ್ಳು ಹೇಳಿ.
ನೋಟು ಎಣಿಸಲಿಲ್ಲ. ಮಡಿಸಿದರು, ಉದ್ದಕ್ಕೆ.
ಸೈಕಲ್ಲಿನ ಟಯರಿನಲ್ಲಿ ಗಾಳಿಯಿರಲಿಲ್ಲ,
ತಳ್ಳಿಕೊಂಡೇ ಹೋದರು.

ಕ್ಯಾಲೆಂಡರಿನ ಬೆನ್ನ ಮೇಲೆ ಬರೆದಿಟ್ಟಿದ್ದೇನೆ:
ನಷ್ಟ, ಎಂಟು ರೂಪಾಯಿ ನಲವತ್ತು ಪೈಸೆ.
ಕಾಫಿಪುಡಿ ಬೇರೆ.